ಸೋತವನೇ ಬರೆದುಕೊಟ್ಟ ಪತ್ರ: ಎಲಿಫೆಂಟೈನ್ ನಡುಗಡ್ಡೆಯ ಒಂದು ಜಾಗದ ವ್ಯಾಜ್ಯ, ಕ್ರಿ.ಪೂ. 464

ಎಲಿಫೆಂಟೈನ್ ನೈಲ್ ನದಿಯ ನಡುವಿನ ಸಣ್ಣ ನಡುಗಡ್ಡೆ. ದಕ್ಷಿಣ ಈಜಿಪ್ಟಿನ ಅಸ್ವಾನ್ ಊರಿನ ಎದುರಿಗೇ ಇದೆ. ಕ್ರಿ.ಪೂ. 525ರಲ್ಲಿ ಪರ್ಷಿಯದವರು ಈಜಿಪ್ಟನ್ನು ಗೆದ್ದ ಮೇಲೆ ಇದು ಅವರ ಸಾಮ್ರಾಜ್ಯದ ದಕ್ಷಿಣ ಗಡಿಯ ಕೋಟೆಯಾಯಿತು. ಇಲ್ಲಿನ ದಂಡಿನಲ್ಲಿ ಯೆಹೂದಿಗಳು, ಅರಾಮಿಗಳು, ಬ್ಯಾಬಿಲೋನಿನವರು ಮತ್ತು ಇರಾನಿ ಮೂಲದವರು ಇದ್ದರು. ಅಮು ದರಿಯಾ ನದಿಯ ಕೆಳದಂಡೆಯ ಖ್ವಾರಜ್ಮ್ ಸೀಮೆಯಿಂದ ಬಂದವನೂ ಒಬ್ಬನಿದ್ದ. ಇವರು ಯುದ್ಧ ಮುಗಿಸಿ ಊರಿಗೆ ಹೋಗುವ ಸಿಪಾಯಿಗಳಲ್ಲ. ಮನೆ ಕಟ್ಟಿ, ಮಕ್ಕಳಿಗೆ ಮದುವೆ ಮಾಡಿ, ಜಾಗ ಹಂಚಿಕೊಟ್ಟು ಅಲ್ಲೇ ನೆಲೆ ನಿಂತವರು. ನಡುಗಡ್ಡೆ ಇಕ್ಕಟ್ಟಾಗಿತ್ತು, ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಇಂಥ ಕಡೆ ಖಾಲಿ ಬಿದ್ದ ಒಂದು ತುಂಡು ಜಾಗದ ಮೇಲೆ ನಾಲ್ಕು ಕಣ್ಣು ಬೀಳುವುದು ಸಹಜ.

ಒಂದು ಯೆಹೂದಿ ಕುಟುಂಬ ಜೋಪಾನವಾಗಿ ಇಟ್ಟುಕೊಂಡಿದ್ದ 11 ಪಪೈರಸ್ ಪತ್ರಗಳು ನಮಗೆ ಉಳಿದಿವೆ. ಮೊದಲನೆಯದು ಕ್ರಿ.ಪೂ. 471ರದು, ಕೊನೆಯದು 410ರದು. ಪರ್ಷಿಯದ ಆಡಳಿತ ಭಾಷೆಯಾಗಿದ್ದ ಅರಾಮಿಕ್‌ನಲ್ಲಿ ಎಲ್ಲವನ್ನೂ ಬರೆಯಲಾಗಿದೆ. ಪತ್ರಗಳಲ್ಲಿ ಎಲ್ಲರ ಹೆಸರೂ ಇದೆಯಾದರೂ ಪ್ರಕರಣ ಅಧ್ಯಯನದ ರೂಢಿಯಂತೆ ಇಲ್ಲಿ ಜನರನ್ನು ಅವರವರ ಸ್ಥಾನದಿಂದಲೇ ಕರೆಯಲಾಗಿದೆ: ತಂದೆ, ಮಗಳು, ಅಳಿಯ, ಫಿರ್ಯಾದಿ, ಗೋಡೆಯ ನೆರೆಯವ, ದೋಣಿಯವ. ಸ್ಥಳ, ಇಸವಿ, ಅಳತೆ, ಮೊತ್ತ ಎಲ್ಲ ಪತ್ರದಲ್ಲಿ ಇರುವಂತೆಯೇ ಇವೆ.

ಜಗಳ ಹುಟ್ಟುವ ಮೊದಲೇ ಬರೆದ ಪತ್ರ

ಈ ಕುಟುಂಬಕ್ಕೆ ಪತ್ರ ಬರೆಸುವ ಅಭ್ಯಾಸ ವ್ಯಾಜ್ಯದಿಂದ ಬಂದದ್ದಲ್ಲ. ಕ್ರಿ.ಪೂ. 471ರಲ್ಲಿ ನೆರೆಯವನೊಬ್ಬ ಬಂದು, ತಂದೆಯ ಮನೆಯ ಬಾಗಿಲ ಬಳಿ ಒಂದು ಗೋಡೆ ಕಟ್ಟಿಕೊಳ್ಳಲು ಅನುಮತಿ ಕೇಳಿದ. ತಂದೆ ಒಪ್ಪಿದ, ಆದರೆ ಬರವಣಿಗೆಯಲ್ಲಿ. ಪತ್ರದ ತಿರುಳು ಇಷ್ಟು: ಗೋಡೆ ಕಟ್ಟುವವನು ನೆರೆಯವ, ಗೋಡೆ ಮಾತ್ರ ತಂದೆಯದು, ಅದರ ಮೇಲೆ ತಂದೆ ಮುಂದೆ ಏನಾದರೂ ಕಟ್ಟಿದರೆ ನೆರೆಯವ ತಡೆಯುವಂತಿಲ್ಲ, ತಡೆದರೆ 5 ಕಾರ್ಷ (ಒಂದು ತೂಕದ ಅಳತೆ) ಬೆಳ್ಳಿ ದಂಡ, ಬಾಗಿಲಿನಿಂದ ಓಡಾಡುವ ಹಕ್ಕು ತಂದೆಯದೇ. ನೆರೆಯವ ಸತ್ತರೆ ಅವನ ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ ಯಾರೂ ಅಡ್ಡ ಬರಬಾರದು.

ಕಟ್ಟಿದವನಿಗೇ ಗೋಡೆ ಸೇರಬೇಕೆಂದು ಇಪ್ಪತ್ತು ವರ್ಷದ ನಂತರ ಯಾರಿಗೂ ಅನ್ನಿಸುವುದು ಸಹಜ. ಆ ಅನಿಸಿಕೆ ಹುಟ್ಟುವ ಮೊದಲೇ ಅದರ ಬಾಯಿ ಮುಚ್ಚಿಸಿದ್ದು ಈ ಪತ್ರ. ಖಾಲಿ ಜಾಗದ ವಿಷಯದಲ್ಲಿ ಇಂಥ ಮುನ್ನೆಚ್ಚರಿಕೆಯ ಪತ್ರ ಈ ಕಟ್ಟಿನಲ್ಲಿ ಇಲ್ಲ. ವ್ಯಾಜ್ಯ ಅಲ್ಲೇ ಎದ್ದಿತು.

ತಕರಾರು

ಖ್ವಾರಜ್ಮಿ ಫಿರ್ಯಾದಿ ಬೇರೊಂದು ತುಕಡಿಗೆ ಸೇರಿದವನು, ತಂದೆಯ ಜಾಗಕ್ಕೆ ಅಂಟಿದ ಮನೆಯವನು. ಆ ಜಾಗ ತನ್ನದೆಂದು ನ್ಯಾಯಾಧೀಶರ ಮುಂದೆ ದೂರು ಕೊಟ್ಟ. ಮುಖ್ಯ ನ್ಯಾಯಾಧೀಶನ ಹೆಸರು ಇರಾನಿ. ಜೊತೆಯಲ್ಲಿ ಸಹ ನ್ಯಾಯಾಧೀಶರಿದ್ದರು.

ವಿವಾದದ ವಸ್ತು ಆಗ ಮನೆಯಲ್ಲ, ಬರೀ ನೆಲ. ಪತ್ರದ ಉದ್ದಕ್ಕೂ ‘ಆ ಜಾಗ’ ಎಂದೇ ಇದೆ. ಐದು ವರ್ಷದ ನಂತರದ ಪತ್ರದಲ್ಲೂ ‘ಕಟ್ಟು, ವಾಸ ಮಾಡು’ ಎಂದು ಅಳಿಯನಿಗೆ ಹೇಳಿರುವುದನ್ನು ನೋಡಿದರೆ ಅಲ್ಲಿಯವರೆಗೂ ಅದು ಖಾಲಿಯೇ ಇದ್ದಂತಿದೆ. ವಾಸವಿದ್ದರೆ ಒಲೆಯ ಹೊಗೆಯೇ ಸಾಕ್ಷಿ. ಖಾಲಿ ನೆಲಕ್ಕೆ ಸಾಕ್ಷಿ ಹೇಳುವುದು ಕಾಗದ ಅಥವಾ ಬಾಯಿಮಾತು. ಈ ವ್ಯಾಜ್ಯದ ಪತ್ರದಲ್ಲಿ ಯಾರ ಕಡೆಯಿಂದಲೂ ಕ್ರಯಪತ್ರದ ಉಲ್ಲೇಖವಿಲ್ಲ, ಇಂಥವರು ಬಂದು ಸಾಕ್ಷಿ ನುಡಿದರು ಎಂಬ ಮಾತೂ ಇಲ್ಲ.

ನ್ಯಾಯಾಧೀಶರು ಜಾಗ ಇಂಥವನದೆಂದು ನೇರವಾಗಿ ತೀರ್ಪು ಕೊಡಲಿಲ್ಲ. ಪ್ರಮಾಣ ಮಾಡುವ ಹೊಣೆಯನ್ನು ತಂದೆಯ ಮೇಲೆ ಹಾಕಿದರು: ಆ ಜಾಗ ಫಿರ್ಯಾದಿಯದಲ್ಲ ಎಂದು ನಿನ್ನ ದೇವರ ಹೆಸರಿನಲ್ಲಿ ಪ್ರಮಾಣ ಮಾಡು.

ಪ್ರಕರಣದ ಮೊದಲ ತಿರುವು ಇದು. ಪ್ರಾಚೀನ ಪಶ್ಚಿಮ ಏಷ್ಯಾದ ನ್ಯಾಯಸ್ಥಾನಗಳಲ್ಲಿ ಕಾಗದವೂ ಸಾಕ್ಷಿಯೂ ಕೈಕೊಟ್ಟಾಗ ಪ್ರಮಾಣವೇ ಕೊನೆಯ ಪುರಾವೆ. ಹಿಂಜರಿದವನ ವಾದ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಮಾಡಿದವನನ್ನು ಎದುರಾಳಿ ನಂಬಲೇಬೇಕಾಗಿತ್ತು. ಹಾಗಾಗಿ ಪ್ರಮಾಣವನ್ನು ಯಾರ ಪಾಲಿಗೆ ಕೊಡುತ್ತಾರೆ ಎಂಬುದರಲ್ಲೇ ವ್ಯಾಜ್ಯದ ಅರ್ಧ ತೀರ್ಮಾನ ಅಡಗಿರುತ್ತಿತ್ತು. ಇಲ್ಲಿ ಅದು ತಂದೆಗೆ ಸಿಕ್ಕಿತು.

ಮೂವರ ಪ್ರಮಾಣ

ಪ್ರಮಾಣ ಮಾಡಿದವರು ತಂದೆ, ಅವನ ಹೆಂಡತಿ ಮತ್ತು ಮಗ. ‘ಒಟ್ಟು 3’ ಎಂದು ಪತ್ರ ಎಣಿಸಿ ಹೇಳುತ್ತದೆ. ತಂದೆಯೊಬ್ಬನೇ ಮಾಡಿದ್ದರೆ, ಅವನು ಸತ್ತ ಮೇಲೆ ಹೆಂಡತಿಯೋ ಮಗನೋ ‘ನಮಗೆ ಸಂಬಂಧವಿಲ್ಲ’ ಎನ್ನಬಹುದಿತ್ತು; ಮನೆಯವರೆಲ್ಲ ಒಂದೇ ಮಾತಿಗೆ ಕಟ್ಟುಬಿದ್ದದ್ದು ಫಿರ್ಯಾದಿಗೂ ಭರವಸೆ. ಈ ಮೂವರಲ್ಲಿ ಮಗಳು ಇರಲಿಲ್ಲ. ಮುಂದೆ ಜಾಗ ಸೇರಿದ್ದು ಅವಳಿಗೇ.

ಪ್ರಮಾಣ ಯೆಹೂದಿಗಳ ದೇವರಾದ ಯಾಹೋನ ಹೆಸರಿನಲ್ಲಿ ನಡೆಯಿತು. ಆ ದೇವರ ಗುಡಿ ನಡುಗಡ್ಡೆಯಲ್ಲೇ ಇತ್ತು. ಫಿರ್ಯಾದಿಗೆ ಅದು ತನ್ನ ದೇವರಲ್ಲ, ಆದರೂ ಒಪ್ಪಿಕೊಂಡ. ಪ್ರಮಾಣ ಮಾಡುವವನು ಯಾವ ದೇವರಿಗೆ ಹೆದರುತ್ತಾನೋ ಆ ದೇವರ ಹೆಸರಿಗೇ ಬೆಲೆ ಎಂಬ ಲೆಕ್ಕ ಇದು. ಆದರೆ ಈ ಲೆಕ್ಕ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. ಇದೇ ಮಗಳು ಕ್ರಿ.ಪೂ. 440ರಲ್ಲಿ ಒಬ್ಬ ಈಜಿಪ್ಟಿನವನ ಜೊತೆ ಬೆಳ್ಳಿ, ಧಾನ್ಯ, ಬಟ್ಟೆ, ಪಾತ್ರೆಪಡಗಗಳ ವ್ಯಾಜ್ಯದಲ್ಲಿ ಪ್ರಮಾಣ ಮಾಡಿದ್ದು ಸತಿ ಎಂಬ ಈಜಿಪ್ಟಿನ ದೇವಿಯ ಹೆಸರಿನಲ್ಲಿ. ಅಲ್ಲಿ ಎದುರಾಳಿಯ ಮನಸ್ಸಿಗೆ ನಾಟುವ ದೇವತೆಯೇ ಮುಖ್ಯವಾದಂತಿದೆ.

ಪ್ರಮಾಣವಾದ ಮೇಲೆ ಫಿರ್ಯಾದಿ ಹೇಳುವ ಮಾತು: ‘ಆ ಜಾಗದ ವಿಷಯದಲ್ಲಿ ನನ್ನ ಮನಸ್ಸು ತೃಪ್ತಿಪಡಿಸಿದಿರಿ.’ ಇದು ಭಾವುಕತೆಯ ಮಾತಲ್ಲ. ಆ ಕಾಲದ ಈಜಿಪ್ಟಿನ ಪತ್ರಗಳಲ್ಲಿ ‘ಮನಸ್ಸು ತೃಪ್ತವಾಯಿತು’ ಎಂದರೆ ಬರಬೇಕಾದದ್ದು ಬಂತು, ಇನ್ನು ಬಾಕಿಯಿಲ್ಲ ಎಂದರ್ಥ. ಹಣ ಪಡೆದವನೂ ಇದನ್ನೇ ಬರೆಯುತ್ತಿದ್ದ. ಇಲ್ಲಿ ಪ್ರಮಾಣವೇ ಹಣದ ಜಾಗದಲ್ಲಿ ನಿಂತಿದೆ.

ಖುಲಾಸೆ ಪತ್ರ

ಎರಡನೆಯ ತಿರುವು ಇಲ್ಲಿದೆ, ಪ್ರಕರಣದ ಜೀವಾಳವೂ ಇದೇ. ವ್ಯಾಜ್ಯ ಮುಗಿದ ಮೇಲೆ ಗೆದ್ದವನ ಕೈಗೆ ಬಂದದ್ದು ನ್ಯಾಯಾಧೀಶರ ಆದೇಶವಲ್ಲ. ಸೋತವನು ತನ್ನ ಬಾಯಿಯಿಂದ ಹೇಳಿ ಬರೆಸಿದ ಪತ್ರ. ಅರಾಮಿಕ್‌ನಲ್ಲಿ ಇಂಥ ಪತ್ರದ ಹೆಸರಿನ ಅರ್ಥ ‘ದೂರ ಸರಿದ ಪತ್ರ’. ನಮ್ಮ ಹಕ್ಕು ಖುಲಾಸೆ ಪತ್ರಕ್ಕೆ ತೀರ ಹತ್ತಿರ. ನ್ಯಾಯಾಧೀಶ ಬದಲಾಗಬಹುದು, ಅಧಿಕಾರಿ ಬದಲಾಗಬಹುದು; ಸೋತವನು ಮಾತ್ರ ತಾನೇ ಆಡಿದ ಮಾತನ್ನು ನುಂಗುವುದು ಕಷ್ಟ.

ಪತ್ರದ ಒಂದೊಂದು ಭಾಗಕ್ಕೂ ಒಂದೊಂದು ಕೆಲಸವಿದೆ.

ತಾರೀಖು: ಕಿಸ್ಲೇವ್ ಎಂಬ ಬ್ಯಾಬಿಲೋನಿ ತಿಂಗಳು, ಅದರ ಜೊತೆಗೆ ಥೋತ್ ಎಂಬ ಈಜಿಪ್ಟಿನ ತಿಂಗಳು. ನಮ್ಮ ಲೆಕ್ಕಕ್ಕೆ ಕ್ರಿ.ಪೂ. 464ರ ಜನವರಿಯ ಆರಂಭ. ಕೆಲವೇ ತಿಂಗಳ ಹಿಂದೆ ದೊರೆ ಕ್ಸರ್ಕ್ಸಸ್‌ನ ಕೊಲೆಯಾಗಿತ್ತು. ಹಾಗಾಗಿ ಬರಹಗಾರ ಹಳೆಯ ದೊರೆಯ 21ನೇ ವರ್ಷವನ್ನೂ ಬರೆದ, ಅರ್ತಕ್ಸರ್ಕ್ಸಸ್ ಸಿಂಹಾಸನ ಏರಿದ ವರ್ಷವನ್ನೂ ಬರೆದ. ದೊರೆ ಯಾರೆಂಬ ಗೊಂದಲದಲ್ಲಿ ಪತ್ರದ ತಾರೀಖು ಬೀಳಬಾರದು.

ಗುರುತು: ಇಬ್ಬರದೂ ತಂದೆಯ ಹೆಸರು, ಮೂಲ, ತುಕಡಿ. ಇದರಲ್ಲೊಂದು ಸೂಕ್ಷ್ಮವಿದೆ. 471ರಲ್ಲಿ ‘ಸಿಯೆನೆಯ ಅರಾಮಿ’ ಎನಿಸಿಕೊಂಡವನು 464ರಲ್ಲಿ ‘ಎಲಿಫೆಂಟೈನ್ ಕೋಟೆಯ ಯೆಹೂದಿ’ ಆಗಿದ್ದಾನೆ. (ಸಿಯೆನೆ ಅಂದರೆ ಇಂದಿನ ಅಸ್ವಾನ್.) ಜಾತಿಯ ಹಣೆಪಟ್ಟಿ ಪತ್ರದಿಂದ ಪತ್ರಕ್ಕೆ ಬದಲಾದರೂ ತಂದೆಯ ಹೆಸರು ಮತ್ತು ತುಕಡಿ ಬದಲಾಗಿಲ್ಲ, ಒಬ್ಬನೇ ಮನುಷ್ಯನೆಂದು ಹಿಡಿಯಲು ಅವೇ ಆಧಾರ.

ಚಕ್ಕುಬಂದಿ: ಪೂರ್ವಕ್ಕೆ ಫಿರ್ಯಾದಿಯ ಮನೆ, ಪಶ್ಚಿಮಕ್ಕೆ ಗೋಡೆಯ ನೆರೆಯವನ ಮನೆ, ಕೆಳಗಡೆ ಮುಂದೆ ಅಳಿಯನಾಗಲಿದ್ದವನ ಮನೆ, ಮೇಲುಗಡೆ ಜಲಪಾತದ ಒರಟು ನೀರಿನಲ್ಲಿ ದೋಣಿ ನಡೆಸುವ ಈಜಿಪ್ಟಿನವನ ಮನೆ. (ಕೆಳಗಡೆ, ಮೇಲುಗಡೆ ಎಂದರೆ ಉಳಿದೆರಡು ದಿಕ್ಕು.) ಉದ್ದಗಲ ಇಲ್ಲ.

ಹಕ್ಕು ಬಿಟ್ಟದ್ದು: ನಾನಾಗಲಿ, ನನ್ನ ಮಗ ಮಗಳಾಗಲಿ, ಅಣ್ಣತಮ್ಮ ಅಕ್ಕತಂಗಿಯರಾಗಲಿ ನಿನ್ನ ಮೇಲೆ, ನಿನ್ನ ಮಕ್ಕಳ ಮೇಲೆ, ನಿನ್ನ ಒಡಹುಟ್ಟಿದವರ ಮೇಲೆ ಈ ಜಾಗದ ಬಗ್ಗೆ ದಾವೆ ಹೂಡುವಂತಿಲ್ಲ. ನಮ್ಮ ಪತ್ರಗಳ ‘ತಂಟೆ ತಕರಾರು ಮಾಡತಕ್ಕದ್ದಲ್ಲ’ ಎಂಬ ಸಾಲು ಓದಿದವರಿಗೆ ಇದು ಹಳೆಯ ಪರಿಚಯದಂತೆ ಕಾಣುತ್ತದೆ. ‘ನನ್ನ ಹೆಸರಿನಲ್ಲಿ’ ದಾವೆ ಹೂಡುವವನನ್ನೂ ಸೇರಿಸಿದ್ದರಿಂದ ಬೇನಾಮಿ ದಾವೆಗೂ ದಾರಿಯಿಲ್ಲ.

ದಂಡ: ರಾಜನ ತೂಕದ ಕಲ್ಲಿನ ಪ್ರಕಾರ 20 ಕಾರ್ಷ ಬೆಳ್ಳಿ. ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದಾರೆ, ತಿದ್ದಲು ಎಡೆಯಿಲ್ಲದಂತೆ. ಒಂದು ಕಾರ್ಷಕ್ಕೆ 10 ಷೆಕೆಲ್. ಪರ್ಷಿಯದ ಕಾರ್ಷ ಸುಮಾರು 83 ಗ್ರಾಂ ತೂಗುತ್ತದೆ. ನಮ್ಮ ‘ಕರ್ಷ’, ‘ಕಾರ್ಷಾಪಣ’ ನೆನಪಾದರೆ ತಪ್ಪಲ್ಲ, ಭಾಷಾವಿದರೂ ಇವನ್ನು ಜೋಡಿಸುತ್ತಾರೆ. 20 ಕಾರ್ಷವೆಂದರೆ ಒಂದೂವರೆ ಕಿಲೋಗೂ ಮೀರಿದ ಬೆಳ್ಳಿ. ಇದೇ ನಡುಗಡ್ಡೆಯಲ್ಲಿ ಕ್ರಿ.ಪೂ. 437ರಲ್ಲಿ ಒಂದು ಮನೆ 14 ಷೆಕೆಲ್‌ಗೆ ಮಾರಾಟವಾಯಿತು. ಅದು ಹಾಳುಬಿದ್ದ ಮನೆಯೇ ಇರಬಹುದು, ಆದರೂ ದಂಡ ಅಂಥ 14 ಮನೆಗಳ ಬೆಲೆ. ವಸೂಲಿಗೆಂದು ಇಟ್ಟ ಮೊತ್ತವಲ್ಲ ಅದು, ಯಾರೂ ಆ ಹಾದಿ ಹಿಡಿಯದಿರಲಿ ಎಂದು ಇಟ್ಟದ್ದು.

ದಂಡದ ಹಿಂದೆಯೇ ನಾಲ್ಕು ಮಾತಿನ ಒಂದು ಸಾಲಿದೆ: ‘ಮತ್ತು ಜಾಗ ಆಗಲೂ ನಿನ್ನದೇ.’ ಇದಿಲ್ಲದಿದ್ದರೆ ದಂಡವೇ ಬೆಲೆಯಾಗಿಬಿಡುತ್ತದೆ. ಹಣವುಳ್ಳವನು 20 ಕಾರ್ಷ ಎಸೆದು ದಾವೆ ಗೆದ್ದು ಜಾಗ ಹೊಡೆದುಕೊಳ್ಳಬಹುದು. ಈ ಸಾಲಿನಿಂದ ದಂಡ ಕೊಟ್ಟರೂ ಜಾಗವಿಲ್ಲ. ಇಡೀ ಪತ್ರದಲ್ಲಿ ಒಂದೇ ಒಂದು ಸಾಲು ಉಳಿಸಿಕೊಳ್ಳಬೇಕೆಂದರೆ ಇದನ್ನು.

ಕೊನೆಗೆ ಬರಹಗಾರನ ಹೆಸರು, ‘ಫಿರ್ಯಾದಿಯ ಬಾಯಿಂದ ಹೇಳಿದಂತೆ ಸಿಯೆನೆಯಲ್ಲಿ ಬರೆದದ್ದು’ ಎಂಬ ಮಾತು, ಸಾಕ್ಷಿಗಳ ಹೆಸರು. ಸಾಕ್ಷಿಗಳಲ್ಲಿ ಯೆಹೂದಿ ಹೆಸರುಗಳ ನಡುವೆ ಬ್ಯಾಬಿಲೋನಿ ಮತ್ತು ಇರಾನಿ ಹೆಸರುಗಳೂ ಇವೆ. ಬರೀ ಯೆಹೂದಿಗಳೇ ಸಾಕ್ಷಿ ಹಾಕಿದ್ದರೆ ‘ಅವರೆಲ್ಲ ಒಂದೇ ಕಡೆಯವರು’ ಎನ್ನಲು ಆಸ್ಪದವಿರುತ್ತಿತ್ತು. ಇಂಥ ಪತ್ರಗಳನ್ನು ಸುರುಳಿ ಸುತ್ತಿ, ಮಡಿಸಿ, ದಾರ ಕಟ್ಟಿ, ಜೇಡಿಮಣ್ಣಿನ ಮುದ್ರೆ ಒತ್ತುತ್ತಿದ್ದರು. ಒಳಗೇನಿದೆ ಎಂಬುದನ್ನು ಹೊರಮೈಯಲ್ಲಿ ಒಂದು ಸಾಲಿನಲ್ಲಿ ಬರೆದಿಡುತ್ತಿದ್ದರು, ಮುದ್ರೆ ಒಡೆಯದೆ ಬೇಕಾದ ಪತ್ರ ಹುಡುಕಲು.

ಪತ್ರಕ್ಕೆ ಸಾಧ್ಯವಾಗದ ಕೆಲಸ

ಖುಲಾಸೆ ಪತ್ರ ಎಷ್ಟೇ ಗಟ್ಟಿಯಿದ್ದರೂ ಅದು ಎರಡು ಮನೆತನಗಳ ನಡುವಿನ ಮಾತು. ಜಾಗ ತಂದೆಯದು ಎಂದು ಲೋಕಕ್ಕೆಲ್ಲ ಸಾರುವ ಶಕ್ತಿ ಅದಕ್ಕಿಲ್ಲ. ‘ನಾನು ದೂರ ಸರಿದೆ’ ಎಂದು ಒಬ್ಬ ಹೇಳಿದ, ಅಷ್ಟೇ. ದೋಣಿಯವನೋ ಗೋಡೆಯ ನೆರೆಯವನೋ ನಾಳೆ ಎದ್ದು ಬಂದರೆ ಅವರನ್ನು ತಡೆಯಲು ಇದು ಸಾಲದು. ತಂದೆಯ ಸ್ವಂತ ಮಕ್ಕಳ ನಡುವೆ ಜಗಳವಾದರಂತೂ ಈ ಪತ್ರ ಮೂಕ. ಇದು ತಂದೆಗೆ ಗೊತ್ತಿತ್ತು ಎಂಬುದು ಮುಂದಿನ ಹೆಜ್ಜೆಯಲ್ಲಿ ಕಾಣುತ್ತದೆ.

ಒಂದೇ ದಿನ ಎರಡು ಪತ್ರ

ಕ್ರಿ.ಪೂ. 459ರ ಡಿಸೆಂಬರಿನಲ್ಲಿ ತಂದೆ ಆ ಜಾಗವನ್ನು ಮಗಳಿಗೆ ಬರೆದುಕೊಟ್ಟ. ಅಷ್ಟರಲ್ಲಿ ಪಕ್ಕದ ಮನೆಯವನೇ ಅವಳ ಗಂಡನಾಗಿದ್ದ. ಈ ಬಾರಿ ಅಳತೆಯೂ ಇದೆ: ಉದ್ದ 13 ಮೊಳ 1 ಅಂಗೈ, ಅಗಲ 11 ಮೊಳ. ಈಜಿಪ್ಟಿನ ರಾಜಮೊಳವನ್ನು 52.5 ಸೆಂ.ಮೀ. ಎಂದು ಹಿಡಿದರೆ ಸುಮಾರು 6.9 ಮೀಟರಿಗೆ 5.8 ಮೀಟರ್. ನಮ್ಮ ಇಪ್ಪತ್ತು-ಮೂವತ್ತರ ಸೈಟಿಗಿಂತ ಸಣ್ಣದು. ಇಷ್ಟು ಜಾಗಕ್ಕೆ ಇಷ್ಟೆಲ್ಲ!

ದಾನಪತ್ರದಲ್ಲಿ ತಂದೆ ಮೂರು ಬಾಗಿಲು ಮುಚ್ಚಿದ. ‘ಈ ಜಾಗದಲ್ಲಿ ಹಕ್ಕಿರುವ ಬೇರೆ ಮಗ, ಮಗಳು, ಅಣ್ಣತಮ್ಮ, ಬೇರೆ ಹೆಂಗಸು, ಗಂಡಸು ಯಾರೂ ಇಲ್ಲ, ನೀನು ಮತ್ತು ನಿನ್ನ ಮಕ್ಕಳು ಮಾತ್ರ’ ಎಂದು ಸ್ವಂತ ಮನೆಯವರನ್ನು ಹೊರಗಿಟ್ಟ. ತಕರಾರು ಮಾಡಿದವರಿಗೆ 10 ಕಾರ್ಷ. ಎರಡನೆಯದಾಗಿ, ನಾಳೆ ಯಾರಾದರೂ ಹಳೆಯದೋ ಹೊಸದೋ ಪತ್ರ ತಂದು ತೋರಿಸಿದರೆ ಅದು ಸುಳ್ಳು, ಇದೇ ನಿಜ ಎಂದು ಬರೆಸಿದ. ಮೂರನೆಯದು, ಫಿರ್ಯಾದಿ ಬರೆದುಕೊಟ್ಟ ಖುಲಾಸೆ ಪತ್ರವನ್ನೇ ಮಗಳ ಕೈಗಿಟ್ಟ. ಕೊಟ್ಟ ಸಂಗತಿಯನ್ನು, ವ್ಯಾಜ್ಯದ ಚರಿತ್ರೆ ಸಮೇತ, ದಾನಪತ್ರದೊಳಗೇ ದಾಖಲಿಸಿದ: ಅವನು ನ್ಯಾಯಾಧೀಶರ ಮುಂದೆ ದಾವೆ ಹೂಡಿದ, ನನ್ನ ಮೇಲೆ ಪ್ರಮಾಣ ಹಾಕಿದರು, ಮಾಡಿದೆ, ಅವನು ಪತ್ರ ಬರೆದುಕೊಟ್ಟ, ಆ ಪತ್ರ ಈಗ ನಿನ್ನದು, ನಾಳೆ ಅವನೋ ಅವನ ಮಗನೋ ಈ ಮನೆಯ ಬಗ್ಗೆ ದಾವೆ ತಂದರೆ ಅದನ್ನು ಹೊರತೆಗೆದು ಅದರಂತೆ ವ್ಯಾಜ್ಯ ನಡೆಸು. ಮೂಲಪತ್ರ ಜಾಗದ ಹಿಂದೆಯೇ ಹೋಗಬೇಕು ಎನ್ನುವ ನಿಯಮಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಅಪರೂಪ. ಸಾಕ್ಷಿಗಳು 12.

ಅದೇ ದಿನ ಅಳಿಯನಿಗೆ ಬೇರೆ ಪತ್ರ. ಜಾಗದಲ್ಲಿ ಮನೆ ಕಟ್ಟಿ ಹೆಂಡತಿಯೊಂದಿಗೆ ಬಾಳು. ಮಾರುವ ಹಕ್ಕಿಲ್ಲ, ಪ್ರೀತಿಗೆಂದು ಬೇರೆಯವರಿಗೆ ಕೊಡುವ ಹಕ್ಕೂ ಇಲ್ಲ. ನಿಮ್ಮಿಬ್ಬರ ನಂತರ ನನ್ನ ಮಗಳಲ್ಲಿ ನಿನಗೆ ಹುಟ್ಟಿದ ಮಕ್ಕಳಿಗೆ. ಮಗಳು ಅವನನ್ನು ಬಿಟ್ಟುಹೋದರೆ? ಅದಕ್ಕೂ ಉತ್ತರವಿದೆ. ಅವಳೂ ಅದನ್ನು ಬೇರೆಯವರಿಗೆ ಕೊಡುವಂತಿಲ್ಲ. ಹಿಂದಕ್ಕೆ ಕೇಳಿದರೆ ಅರ್ಧ ಅವಳಿಗೆ, ಉಳಿದರ್ಧ ಕಟ್ಟಿದ ದುಡಿಮೆಗೆ ಬದಲಾಗಿ ಅಳಿಯನಿಗೆ. ನೆಲ ಒಬ್ಬರದು, ಕಟ್ಟಡದ ದುಡಿಮೆ ಇನ್ನೊಬ್ಬರದು ಎಂಬ ಸಂಸಾರದ ಜಗಳವನ್ನು ಮದುವೆ ಚೆನ್ನಾಗಿದ್ದಾಗಲೇ ಬಗೆಹರಿಸಿಟ್ಟ. ಖಾಲಿ ನೆಲದಲ್ಲಿ ಮನೆಯೇಳುವ ಏರ್ಪಾಡೂ ಇದರಿಂದಲೇ ಆಯಿತು.

ತಿರುಗಿದ ಚಕ್ಕುಬಂದಿ

ಎರಡು ಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದು ತಪ್ಪು ಕಣ್ಣಿಗೆ ಹೊಡೆಯುತ್ತದೆ. 464ರಲ್ಲಿ ಪೂರ್ವಕ್ಕಿದ್ದ ಫಿರ್ಯಾದಿಯ ಮನೆ 459ರಲ್ಲಿ ‘ಮೇಲುಗಡೆ’ ಇದೆ. ಪಶ್ಚಿಮದ ಗೋಡೆ ನೆರೆಯವ ‘ಕೆಳಗಡೆ’ಗೆ ಬಂದಿದ್ದಾನೆ. ಕೆಳಗಿದ್ದ ಅಳಿಯನ ಮನೆ ಪೂರ್ವಕ್ಕೆ, ಮೇಲಿದ್ದ ದೋಣಿಯವನ ಮನೆ ಪಶ್ಚಿಮಕ್ಕೆ. ಮನೆಗಳು ಸರಿದಿಲ್ಲ, ಚಕ್ಕುಬಂದಿಯೇ ಕಾಲು ಸುತ್ತು ತಿರುಗಿದೆ. ಅಳಿಯನ ಪತ್ರದಲ್ಲಿ ಜಾಗ ‘ನಿನ್ನ ಮನೆಯ ಪಶ್ಚಿಮಕ್ಕೆ’ ಎಂದಿರುವುದು 459ರ ದಿಕ್ಕಿಗೆ ಹೊಂದುತ್ತದೆ. ಪತ್ರ ಬರೆದ ಕೈಗಳೂ ಬೇರೆ: 464ರದನ್ನು ಬರೆದವನು ಒಬ್ಬ, ದಾನಪತ್ರ ಬರೆದವನು ಇನ್ನೊಬ್ಬ.

ಆದರೂ ಪತ್ರ ಕೆಡಲಿಲ್ಲ. ಫಿರ್ಯಾದಿ ಮತ್ತು ಗೋಡೆಯ ನೆರೆಯವ ಎರಡರಲ್ಲೂ ಎದುರುಬದುರು. ಅಳಿಯ ಮತ್ತು ದೋಣಿಯವ ಎರಡರಲ್ಲೂ ಎದುರುಬದುರು. ದಿಕ್ಕು ತಪ್ಪಿದರೂ ನೆರೆಯವರ ಹೆಸರಿನಿಂದ ಜಾಗ ಇದೇ ಎಂದು ಗುರುತಿಸಬಹುದು. ಬರೀ ದಿಕ್ಕು ಮತ್ತು ಅಳತೆ ಬರೆದು ನೆರೆಯವರ ಹೆಸರು ಬಿಟ್ಟಿದ್ದರೆ ಇಂಥ ಒಂದು ತಪ್ಪು ಮತ್ತೊಂದು ದಾವೆಗೆ ಸಾಕಾಗುತ್ತಿತ್ತು. ಆದರೆ ನೆರೆಯವರು ಸಾಯುತ್ತಾರೆ, ಮಾರುತ್ತಾರೆ. 459ರ ಹೊತ್ತಿಗೆ ಪೂರ್ವದ ಬದಿಯಲ್ಲಿ ಅಳಿಯನ ಜೊತೆಗೆ ಇನ್ನೊಬ್ಬನ ಮನೆಯೂ ಸೇರಿಕೊಂಡಿದೆ. ಹೆಸರು ಹಳತಾಗುವ ಮೊದಲೇ ಅಳತೆಯನ್ನೂ ಸೇರಿಸಿದ್ದು ಎರಡನೆಯ ಪತ್ರದ ಜಾಣತನ.

ಆಮೇಲೆ

ಫಿರ್ಯಾದಿಯ ಕಡೆಯಿಂದ ಮತ್ತೊಂದು ದಾವೆಯ ಸುಳಿವು ಈ ಕಟ್ಟಿನಲ್ಲಿಲ್ಲ. ತೊಂದರೆ ಬಂದದ್ದು ಬೇರೆ ಕಡೆಯಿಂದ. ಮಗಳು ಕ್ರಿ.ಪೂ. 449ರಲ್ಲಿ ರಾಜನ ಕಟ್ಟಡಗಾರನಾಗಿದ್ದ ಈಜಿಪ್ಟಿನವನೊಬ್ಬನನ್ನು ಮದುವೆಯಾದಳು, ಇಬ್ಬರು ಗಂಡುಮಕ್ಕಳಾದರು. ಮೊದಲ ಗಂಡನಾದ ಅಳಿಯನ ಸ್ವಂತ ಮನೆ ಆ ಮಕ್ಕಳ ಕೈಗೆ ಬಂತು. ಆ ಮನೆಗಾಗಿ ಮೊದಲ ಗಂಡನ ಅಣ್ಣತಮ್ಮಂದಿರ ಕಡೆಯ ಒಬ್ಬ ತಕರಾರೆತ್ತಿ, ಕ್ರಿ.ಪೂ. 416ರಲ್ಲಿ ಹಿಂದೆ ಸರಿದು ಖುಲಾಸೆ ಪತ್ರ ಬರೆದುಕೊಟ್ಟ. ಅದಕ್ಕೆ ನಾಲ್ಕು ವರ್ಷ ಮೊದಲು, 420ರಲ್ಲಿ, ಬೇರೊಂದು ಮನೆತನದ ಇಬ್ಬರು, ತಮ್ಮ ಅಜ್ಜ ಈ ಕುಟುಂಬದವರ ಬಳಿ ಇಟ್ಟಿದ್ದ ಸಾಮಾನಿನ ಬಗ್ಗೆ ಕೇಳಿಕೊಂಡು ಬಂದಿದ್ದರು. ಅವರೂ ಕೊನೆಗೆ ಅಂಥದೇ ಪತ್ರ ಕೊಟ್ಟರು. 464, 440, 420, 416: 11 ಪತ್ರಗಳಲ್ಲಿ 4 ಹೀಗೆ ದೂರ ಸರಿದವರವು. ಎಲ್ಲವನ್ನೂ ಸರಿದವರೇ ಬರೆಸಿದ್ದಾರೆ, ಎಲ್ಲವೂ ಈ ಮನೆಯವರ ಬಳಿ ಉಳಿದಿವೆ.

ಕಟ್ಟಿನ ಕೊನೆಯ ಪತ್ರ ಕ್ರಿ.ಪೂ. 410ರದು, ತೀರಿಕೊಂಡ ತಾಯಿಯ ದಾಸರನ್ನು ಇಬ್ಬರು ಗಂಡುಮಕ್ಕಳು ಹಂಚಿಕೊಂಡ ಪಾಲುಪತ್ರ. 54 ವರ್ಷ ಹಳೆಯದಾದ ಖ್ವಾರಜ್ಮಿಯ ಪತ್ರವನ್ನು ಅವರೂ ಎಸೆದಿರಲಿಲ್ಲ. 1904ರಲ್ಲಿ ಈ ಪತ್ರಗಳ ಬಹುಪಾಲು ಅಸ್ವಾನಿನಲ್ಲಿ ಮಾರಾಟಕ್ಕೆ ಬಂದಾಗ, ತಂದೆ ಮಗಳಿಗೆ ಜೋಪಾನ ಎಂದು ಹೇಳಿ ಕೊಟ್ಟಿದ್ದ ಆ ಸುರುಳಿ ದಾನಪತ್ರದ ಜೊತೆಯಲ್ಲೇ ಉಳಿದಿತ್ತು.